ನಾವು ಆ ಗಾಡಿಯ ಒಕ್ಕಲು

ನಮ್ಮ ಅತ್ತೆ ಬದುಕಿದ್ದಷ್ಟು ಕಾಲ ಮಾವನ ಹೆಸರನ್ನು ಬಾಯಿಬಿಟ್ಟು ಹೇಳಲಿಲ್ಲ. ರೇಷನ್ ಅಂಗಡಿಯಲ್ಲಿ ಕೇಳಿದರೂ ಪಕ್ಕದಲ್ಲಿ ನಿಂತವರ ಕಡೆ ತಿರುಗಿ, "ನೀ ಏಳವ್ವ" ಎನ್ನುತ್ತಿದ್ದರು. ನನ್ನ ಗಂಡ ಆ ಕಟ್ಟುಪಾಡನ್ನು ಬೇರೊಂದು ಕಡೆ ಉಳಿಸಿಕೊಂಡು ಬಂದಿದ್ದಾರೆ. ನಾವು ಓಡಿಸುವ ಗಾಡಿಯ ಎದುರು ಕಂಪನಿಯ ಹೆಸರನ್ನು ಅವರು ಹೇಳುವುದಿಲ್ಲ. ಅವರ ಬಾಯಲ್ಲಿ ಒಂದು "ನಮ್ದು", ಇನ್ನೊಂದು "ಅವರ್ದು". "ಅವರ್ದು ಗಾಡಿ ಒಂದು ಕೆರೆ ಏರಿ ಮ್ಯಾಲೆ ನಿಂತಿತ್ತು ಕಣಮ್ಮಿ" ಎಂದು ಮನೆಗೆ ಬಂದು ಸಂತೋಷದಿಂದ ಹೇಳುತ್ತಾರೆ. ನಿಂತಿತ್ತು ಅಂದರೆ ಕೆಟ್ಟು ನಿಂತಿತ್ತು ಎಂದೇ ಅರ್ಥ. ಡ್ರೈವರ್ ಇಳಿದು ಟೀ ಕುಡಿಯುತ್ತಿದ್ದಿರಬಹುದು, ಫೋನಿನಲ್ಲಿ ಮಾತಾಡುತ್ತಿದ್ದಿರಬಹುದು. ಅದೆಲ್ಲ ಲೆಕ್ಕಕ್ಕೆ ಬರುವುದಿಲ್ಲ. ನಾನೂ ಇಲ್ಲಿ ಎರಡು ಕಂಪನಿಯ ಹೆಸರನ್ನೂ ಬರೆಯುವುದಿಲ್ಲ. ಒಂದನ್ನು ಬರೆದರೆ ಮನೆಯಲ್ಲಿ ಜಗಳ, ಇನ್ನೊಂದನ್ನು ಬರೆದರೆ ನನಗೇ ಸಿಟ್ಟು ಬರುತ್ತದೆ.

ನಮ್ಮದು ಕೊಳ್ಳೇಗಾಲದಲ್ಲಿ ಮಿಲ್ಲರ್ ಬಾಡಿಗೆಗೆ ಬಿಡುವ ಕೆಲಸ. ಮಿಲ್ಲರ್ ಎಂದರೆ ಜಲ್ಲಿ, ಮರಳು, ಸಿಮೆಂಟು ಕಲಸುವ ಯಂತ್ರ. ಚಕ್ರದ ಮೇಲೆ ಕೂತ ಕಬ್ಬಿಣದ ದೊಡ್ಡ ಹೊಟ್ಟೆ ಅದು. ಯಾರ ಮನೆಗಾದರೂ ಮೋಲ್ಡ್ ಹಾಕುವ ದಿನ, ಅಂದರೆ ಮೇಲ್ಛಾವಣಿಗೆ ಕಾಂಕ್ರೀಟ್ ಸುರಿಯುವ ದಿನ ಬಂದರೆ, ನಮ್ಮ ಪಿಕಪ್ಪಿನ ಹಿಂದೆ ಮಿಲ್ಲರನ್ನು ಕೊಂಡಿಗೆ ಸಿಕ್ಕಿಸಿಕೊಂಡು, ಬಾಂಡ್ಲಿ ಗುದ್ದಲಿಗಳನ್ನು ತುಂಬಿಕೊಂಡು ಇವರು ಹೊರಡುತ್ತಾರೆ. ಹನೂರು, ಯಳಂದೂರು, ಮಾರ್ಟಳ್ಳಿ, ಎಲ್ಲ ಕಡೆಯೂ ನಮ್ಮ ಮಿಲ್ಲರ್ ತಿರುಗಿದೆ. ಫೋನು ಎತ್ತುವುದು, ಯಾವ ದಿನ ಯಾವ ಊರು ಎಂದು ಹೇಳುವುದು ನನ್ನ ಪಾಲು. ಮೋಲ್ಡ್ ದಿನ ಮನೆಯವರು ನೆಂಟರನ್ನು ಕರೆದು ಬಾಡೂಟಕ್ಕೆ ಒಲೆ ಹಚ್ಚಿರುತ್ತಾರೆ. ಕಾಂಕ್ರೀಟು ಒಮ್ಮೆ ಶುರುವಾದರೆ ನಡುವೆ ನಿಲ್ಲಿಸುವ ಹಾಗಿಲ್ಲ. ಹಾಗಾಗಿ ಎಳೆಯುವ ಗಾಡಿ ಕೈಕೊಟ್ಟರೆ ಅವರ ಶಾಪವೆಲ್ಲ ನಮ್ಮ ಫೋನಿಗೇ ಬರುತ್ತದೆ.

ಇವರ ಹೆಸರು ಇರುವುದು ಮಿಲ್ಲರನ್ನು ಹಿಂದಕ್ಕೆ ಬಿಡುವುದರಲ್ಲಿ. ಹಳ್ಳಿಯ ಓಣಿಗಳು ಹೇಗಿರುತ್ತವೆ ಎಂದು ಗೊತ್ತೇ ಇದೆ. ಒಂದು ಕಡೆ ಚರಂಡಿ, ಇನ್ನೊಂದು ಕಡೆ ಯಾರದೋ ಜಗುಲಿ, ನಡುವೆ ಕಟ್ಟಿದ ಎಮ್ಮೆ. ಹಿಂದೆ ಕಟ್ಟಿಕೊಂಡ ಯಂತ್ರ ಬಲಕ್ಕೆ ಹೋಗಬೇಕಾದರೆ ಸ್ಟೇರಿಂಗನ್ನು ಎಡಕ್ಕೆ ತಿರುಗಿಸಬೇಕಂತೆ. ಅದು ನನಗೆ ಇವತ್ತಿಗೂ ತಲೆಗೆ ಹತ್ತಿಲ್ಲ. ಇವರು ಕಿಟಕಿಯಿಂದ ತಲೆ ಹೊರಗೆ ಹಾಕಿ, ಅರ್ಧ ಕ್ಲಚ್ಚಿನಲ್ಲಿ ಗಾಡಿಯನ್ನು ಒಂದಿಷ್ಟೊಂದಿಷ್ಟೇ ಬಿಡುತ್ತಾ, ಮಿಲ್ಲರನ್ನು ಮೇಸ್ತ್ರಿ ಗೆರೆ ಹಾಕಿದ ಜಾಗದಲ್ಲೇ ತಂದು ನಿಲ್ಲಿಸುತ್ತಿದ್ದರು. ಜನ ಕೆಲಸ ಬಿಟ್ಟು ನೋಡುತ್ತಿದ್ದರು. ಇಳಿದು ಬರುವಾಗ ಇವರ ಮುಖದಲ್ಲಿ ಒಂದು ಬಿಗುಮಾನ ಇರುತ್ತಿತ್ತು. ಮದುವೆಯ ದಿನವೂ ಆ ಮುಖವನ್ನು ನಾನು ಕಂಡಿರಲಿಲ್ಲ.

ಈಗ ಒಕ್ಕಲಿನ ವಿಷಯ ಹೇಳಬೇಕು. ನಮ್ಮ ಸೀಮೆಯಲ್ಲಿ ಹೊಸಬರ ಗುರುತು ಹಿಡಿಯಲು "ಯಾವ ದೇವ್ರ ಒಕ್ಕಲು ನೀವು?" ಎಂದು ಕೇಳುತ್ತಾರೆ. ಒಂದು ಮನೆತನ ತಲೆಮಾರಿನಿಂದ ಯಾವ ದೇವರಿಗೆ ನಡೆದುಕೊಳ್ಳುತ್ತದೋ ಆ ದೇವರ ಒಕ್ಕಲು. ಅದನ್ನು ಆರಿಸಿಕೊಳ್ಳುವ ಮಾತಿಲ್ಲ, ಹುಟ್ಟುತ್ತಲೇ ಬರುತ್ತದೆ. ಹೆಣ್ಣುಮಕ್ಕಳಿಗೆ ಮಾತ್ರ ತಾಳಿಯ ಜೊತೆಗೆ ಬದಲಾಗುತ್ತದೆ. ನಾನು ಮಾದಪ್ಪನ ಒಕ್ಕಲಲ್ಲಿ ಹುಟ್ಟಿ ಮಾದಪ್ಪನ ಒಕ್ಕಲಿಗೇ ಸೇರಿದ್ದರಿಂದ ದೇವರ ವಿಷಯದಲ್ಲಿ ತೊಂದರೆ ಆಗಲಿಲ್ಲ. ಗಾಡಿಯ ವಿಷಯದಲ್ಲಿ ಆಯಿತು. ಯಳಂದೂರಿನಲ್ಲಿರುವ ನಮ್ಮಣ್ಣ ತೆಂಗಿನಕಾಯಿ ಸಾಗಿಸುವವನು, ಮೊದಲಿನಿಂದಲೂ ಅವನದು "ಅವರ್ದು" ಗಾಡಿ. ನನ್ನ ಗಂಡನ ಮನೆಯವರು ಆ ಸಂಬಂಧವನ್ನು ಹೇಗೆ ಒಪ್ಪಿದರೋ ಎಂದು ನಾನು ಆಗಾಗ ತಮಾಷೆ ಮಾಡುತ್ತಿದ್ದೆ.

ಇವರ ಮನೆಯವರು ತಮ್ಮನ್ನು ಕಂಪನಿಯ ಒಕ್ಕಲು ಎಂದುಕೊಳ್ಳುವುದಕ್ಕೆ ಕಾರಣ ಇದೆ. ಇವರು ಹುಟ್ಟಿದ್ದೇ ಆ ಕಂಪನಿಯ ಜೀಪಿನಲ್ಲಿ. ಹನೂರಿನ ಆಚೆ, ಕಾಡಂಚಿನ ಊರಲ್ಲಿ ಅತ್ತೆಗೆ ನೋವು ಶುರುವಾಗಿತ್ತಂತೆ. ದಿನಕ್ಕೊಂದು ಬಸ್ಸು, ಅದೂ ಅವತ್ತು ಹಳ್ಳ ಬಂದು ಆಚೆ ದಡದಲ್ಲಿ ನಿಂತುಬಿಟ್ಟಿತ್ತು. ಮರದ ಕಂಟ್ರಾಕ್ಟರೊಬ್ಬರ ಜೀಪು ಊರಲ್ಲಿತ್ತು. ಅದರ ಡ್ರೈವರ್ ಸೊಂಟದ ಮಟ್ಟದ ನೀರಿಗೆ ಜೀಪು ಇಳಿಸಿ, ದಾಟಿಸಿ, ಕೊಳ್ಳೇಗಾಲದ ಕಡೆ ಹೊಡೆದ. ದಾರಿಯಲ್ಲೇ ಇವರು ಹುಟ್ಟಿದರು. ನನ್ನ ಭಾವ, ಅಂದರೆ ಇವರ ಅಣ್ಣ, ಆಗ ಇನ್ನೂ ಚಿಕ್ಕವರು. ಅವ್ವನ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂತಿದ್ದರಂತೆ. "ಬಸ್ಸು ನಿಂತ್ಕತ್ತು, ಲಾರಿ ನಿಂತ್ಕತ್ತು, ನಮ್ ಗಾಡಿ ಇಳೀತು" ಎಂದು ಭಾವ ಈಗಲೂ ಹೇಳುತ್ತಾರೆ. ಅದನ್ನು ಕೇಳಿದ ಮೇಲೆ ಯಾವ ಬಾಯಲ್ಲಿ ಎದುರು ಮಾತಾಡುವುದು? ಆ ಕಥೆ ಸುಳ್ಳಾಗಿದ್ದರೆ ನನ್ನ ಕೆಲಸ ಎಷ್ಟೋ ಸುಲಭವಾಗುತ್ತಿತ್ತು.

ತೊಂದರೆ ಮೊದಲು ಗೊತ್ತಾದದ್ದು ಚಪ್ಪಲಿಯಿಂದ. ಹನೂರಿನಲ್ಲಿ ಒಂದು ಮದುವೆ ಊಟ ಮುಗಿಸಿ ಬರುವಾಗ ಇವರು ಒಂದೇ ಕಾಲಿನ ಚಪ್ಪಲಿಯಲ್ಲಿ ನಡೆದು ಬರುತ್ತಿದ್ದರು. ಎಡಗಾಲಿನದು ಹಿಂದೆ ಛತ್ರದ ಮೆಟ್ಟಿಲ ಮೇಲೆ ಬಿದ್ದಿತ್ತು. ಜನ ನಕ್ಕರು, ಇವರೂ ನಕ್ಕರು, ನಾನೂ ನಕ್ಕೆ. ಆಮೇಲೆ ಅದು ಮತ್ತೆ ಮತ್ತೆ ಆಯಿತು. ಚಪ್ಪಲಿ ಕಳಚಿ ಬಿದ್ದದ್ದು ಇವರಿಗೆ ತಿಳಿಯುತ್ತಲೇ ಇರಲಿಲ್ಲ. ನಾನು ಹಿಂದೆ ಹಿಂದೆ ನಡೆದು ಎತ್ತಿಕೊಂಡು ಬರುತ್ತಿದ್ದೆ. ಕೊನೆಗೆ ಬಲವಂತ ಮಾಡಿ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ.

ಡಾಕ್ಟರು ಬೆನ್ನಿನ ನರ ಒತ್ತಿಹೋಗಿದೆ ಎಂದರು. ಎಡಗಾಲಿನ ಪಾದ ಮೇಲೆತ್ತಿ ಎಂದರು. ಇವರು ಎತ್ತಿದೆ ಎಂದುಕೊಂಡರು, ಪಾದ ಹಾಗೇ ಇತ್ತು. "ಏನು ಕೆಲಸ?" ಎಂದು ಕೇಳಿದರು. ಪಿಕಪ್ ಓಡಿಸುತ್ತೇನೆ, ಹಿಂದೆ ಮಿಲ್ಲರ್ ಎಳೆಯುತ್ತೇನೆ ಎಂದಾಗ ಅವರು ಪೆನ್ನು ಕೆಳಗಿಟ್ಟರು. "ಇರುವ ಬಲ ಉಳಿಸಿಕೊಳ್ಳಿ. ಹೋದದ್ದು ವಾಪಸ್ ಬರುತ್ತೆ ಅಂತ ನಾನು ಹೇಳಲ್ಲ. ಓಡಿಸಲೇಬೇಕು ಅಂದರೆ ಕ್ಲಚ್ಚು ಹಗುರ ಇರೋ ಗಾಡಿ ನೋಡ್ಕೊಳ್ಳಿ" ಎಂದರು. ನಮ್ಮ ಹಳೆಯ ಪಿಕಪ್ಪಿನ ಕ್ಲಚ್ಚು ಹೇಗಿತ್ತೆಂದರೆ, ಒಮ್ಮೆ ಸುಮ್ಮನೆ ಕುತೂಹಲಕ್ಕೆ ನಾನು ತುಳಿದು ನೋಡಿದಾಗ ಅದು ಅಲ್ಲಾಡಲಿಲ್ಲ, ನಾನೇ ಸೀಟಿನಿಂದ ಮೇಲೆದ್ದೆ. ಹೊರಗೆ ಬಂದ ಮೇಲೆ ಇವರು ಅಂದದ್ದು ಒಂದೇ ಮಾತು. "ಆ ಡಾಕ್ಟ್ರು ಕಾರ್ ಯಾವ್ದು ನೋಡ್ದಾ? ಅವರ್ದು."

ಅದಾದ ಮೇಲೆ ಹಳೆಯ ಗಾಡಿಯೇ ಒಂದು ದಾರಿ ತೋರಿಸಿತು ಎಂದುಕೊಂಡೆ. ಯಳಂದೂರಿನ ಆಚೆ ಒಂದು ಮೋಲ್ಡ್ ಮುಗಿಸಿ ಹೊರಟಾಗ ಅದರ ಇಂಜಿನ್ ಸೀಜ್ ಆಗಿ ನಿಂತಿತು. ತುಂಬಾ ದುಡಿದ ಗಾಡಿ, ಅದರ ಕಾಲ ಮುಗಿದಿತ್ತು, ಯಾರನ್ನೂ ದೂರುವ ಹಾಗಿರಲಿಲ್ಲ. ಅವತ್ತು ಮೋಲ್ಡ್ ಮನೆಯವರು ಕರೆದಿದ್ದರಿಂದ ನಾನೂ ಊಟಕ್ಕೆ ಹೋಗಿದ್ದೆ. ಮಾರನೆ ದಿನ ಬೇರೆ ಕಡೆ ಮೋಲ್ಡ್ ಒಪ್ಪಿಕೊಂಡಿದ್ದೆವು, ಮಿಲ್ಲರ್ ಕೊಳ್ಳೇಗಾಲಕ್ಕೆ ಬರಲೇಬೇಕಿತ್ತು. ನಾನು ಅಣ್ಣನಿಗೆ ಫೋನು ಮಾಡಿದೆ. ಅವನು ತನ್ನ ಗಾಡಿ ತಂದು, "ಭಾವ, ಕೊಂಡಿ ಅದೆ, ಸಿಗಾಕಂಡು ಓಗಿ. ನಾಳೆ ನಾಳಿದ್ದು ಕಳ್ಸಿ" ಎಂದು ಬೀಗದ ಕೈ ಕೊಟ್ಟ. ಇವರು ಬೀಗದ ಕೈಯನ್ನು ಬಿಸಿ ಪಾತ್ರೆ ಹಿಡಿದ ಹಾಗೆ ತುದಿಬೆರಳಲ್ಲಿ ಹಿಡಿದುಕೊಂಡರು.

ನಾನು ಪಕ್ಕದಲ್ಲಿ ಕೂತೆ. ಮಾಂಬಳ್ಳಿ ದಾಟಿತು. ನಾನು ರಸ್ತೆ ನೋಡಲಿಲ್ಲ, ಇವರ ಎಡಗಾಲನ್ನೇ ನೋಡುತ್ತಿದ್ದೆ. ಅದು ಹಗುರವಾಗಿ ಹೋಗಿ ಹಗುರವಾಗಿ ಬರುತ್ತಿತ್ತು. ಹಂಪುಗಳಲ್ಲಿ, ರಸ್ತೆಯಲ್ಲಿ ರಾಗಿ ಹರಡಿದ ಕಡೆ, ಬಸ್ಸಿನ ಹಿಂದೆ, ಎಲ್ಲಿಯೂ ಇವರು ತೊಡೆಗೆ ಕೈ ಕೊಡಲಿಲ್ಲ. ಹಳೆಯ ಗಾಡಿಯಲ್ಲಿ ಪ್ರತಿ ಗೇರಿಗೂ ಮಂಡಿಯನ್ನು ಅಂಗೈಯಿಂದ ಒತ್ತುತ್ತಿದ್ದರು. ಹಿಂದೆ ಮಿಲ್ಲರ್ ಇದೆ ಎಂಬುದೇ ಗೊತ್ತಾಗದ ಹಾಗೆ ಗಾಡಿ ಬಂತು. ಮನೆ ಹತ್ತಿರ ಬಂದಾಗ ಇವರು ಅಂದರು. "ಇದೇನು ಗಾಡಿ ಓಡ್ಸ್ದಂಗೇ ಆಗದಿಲ್ಲ ಕಣಮ್ಮಿ. ಕುರ್ಚಿ ಮ್ಯಾಲ್ ಕುಂತಂಗದೆ."

ಇವರ ಲೆಕ್ಕದಲ್ಲಿ ಅದು ಬೈಗುಳ. ನನಗೆ ಮಾತ್ರ ಕುಣಿಯುವಷ್ಟು ಖುಷಿಯಾಯಿತು.

ಆದರೆ ಗಾಡಿಯನ್ನು ಮನೆ ಮುಂದೆ ನಿಲ್ಲಿಸಲಿಲ್ಲ. ಹಿಂದಿನ ಬೀದಿಯಲ್ಲಿ, ಅಕ್ಕಿ ಗಿರಣಿಯ ಮರೆಯಲ್ಲಿ ನಿಲ್ಲಿಸಿ ನಡೆದು ಬಂದರು. ಏನು ಪ್ರಯೋಜನ? ಮಾರನೆ ದಿನ ಸಂಜೆ, ಇವರು ಮೋಲ್ಡ್ ಮುಗಿಸಿ ಬಂದ ಮೇಲೆ, ಹನೂರಿನಿಂದ ಭಾವ ಬಂದರು. ಕಾಲು ತೊಳೆಯುವ ಮೊದಲೇ, "ಅವರ್ದು ಗಾಡೀಲಿ ಬಂದ್ಯಂತೆ?" ಎಂದು ಕೇಳಿದರು. ಯಾರು ಹೇಳಿದರೋ ಮಾದಪ್ಪನೇ ಬಲ್ಲ. ಇವರು ತಲೆ ತಗ್ಗಿಸಿಕೊಂಡು, "ಆಪತ್ತಿಗೆ ಕಣಣ್ಣ" ಎಂದರು. ಸಾರಾಯಿ ಅಂಗಡಿಯಲ್ಲಿ ಸಿಕ್ಕಿಬಿದ್ದವರು ಕೂಡ ಅಷ್ಟು ನಾಚುವುದಿಲ್ಲ.

ಹೊಸ ಗಾಡಿ ತೆಗೆದುಕೊಳ್ಳಲೇಬೇಕು ಎಂಬುದು ಅವತ್ತೇ ತೀರ್ಮಾನವಾಯಿತು. ಯಾವುದು ಎಂಬುದು ಭಾವನ ಮಟ್ಟಿಗೆ ಪ್ರಶ್ನೆಯೇ ಆಗಿರಲಿಲ್ಲ. ನಾನು ಕಾಫಿ ಕೊಡುತ್ತಾ ಡಾಕ್ಟರು ಹೇಳಿದ್ದನ್ನೆಲ್ಲ ಹೇಳಿದೆ. ಕಾಲಿನ ಮಾತು, ಕ್ಲಚ್ಚಿನ ಮಾತು, ಅಣ್ಣನ ಗಾಡಿಯಲ್ಲಿ ಬಂದಾಗ ನಾನು ಕಂಡದ್ದು, ಎಲ್ಲ. ಭಾವ ಸಿಟ್ಟು ಮಾಡಲಿಲ್ಲ. ಅವರು ಸಿಟ್ಟು ಮಾಡಿದ್ದರೆ ನಾನೂ ನಾಲ್ಕು ಮಾತು ಆಡುತ್ತಿದ್ದೆ. ಅವರು ಮೆತ್ತಗೆ, "ನೋವು ಯಾರ್ಗಿಲ್ಲ ತಾಯಿ? ಕಾಲ್ ನೋವು ಅಂತ ಮನೆದೇವ್ರ ಬದ್ಲಾಯಿಸಕ್ಕಾದದಾ?" ಎಂದರು. ಇವರು ಗೋಡೆ ನೋಡುತ್ತಿದ್ದರು. ಇವರ ಮನಸ್ಸು ಎರಡು ಕಡೆಗೂ ಎಳೆಯುತ್ತಿದೆ ಎಂದು ನನಗೆ ಗೊತ್ತಾಗುತ್ತಿತ್ತು. ನಮ್ಮಣ್ಣನ ಗಾಡಿಯನ್ನು ಇವರ ಕಾಲು ಮರೆತಿರಲಿಲ್ಲ.

ಭಾವ ಹೋದ ಮೇಲೆ ಇವರೇ ಅಂದರು. "ಗುಡಿ ಅವ್ವನ್ನೇ ಕೇಳ್ಬುಡಾದು. ಅವಳು ಏನಂತಾಳೋ ಅದು."

ಲೊಕ್ಕನಹಳ್ಳಿ ಕಡೆ ಕಾಡಿನ ಅಂಚಿಗೆ ಒಂದು ಮಾರಮ್ಮನ ಗುಡಿ ಇದೆ. ಇವರ ಮನೆಯವರು ಯಾವ ಕೆಲಸಕ್ಕೂ ಅಲ್ಲಿ ಹೂವು ಕೇಳುತ್ತಾರೆ. ಪೂಜಾರಿ ನೀರಲ್ಲಿ ಅದ್ದಿದ ಹೂಗಳನ್ನು ಅವ್ವನ ಎರಡು ಭುಜಕ್ಕೂ ಅಂಟಿಸುತ್ತಾರೆ. ನಾವು ಕೈ ಮುಗಿದು ಮನಸ್ಸಿನಲ್ಲೇ ಮಾತು ಕೇಳಿಕೊಳ್ಳಬೇಕು, ಬಾಯಲ್ಲಿ ಆಡಬಾರದು. ಬಲಗಡೆ ಹೂವು ಬಿದ್ದರೆ ಅಪ್ಪಣೆ, ಎಡಗಡೆಯದಾದರೆ ಬೇಡ. ನಾನು ತಕ್ಷಣ ಒಪ್ಪಿದೆ. ಭಾವನ ಮುಂದೆ ನನ್ನ ಮಾತು ನಡೆಯದು, ದೇವಿಯ ಮುಂದೆ ಭಾವನ ಮಾತೂ ನಡೆಯದು. ಅವಳೂ ಹೆಣ್ಣು, ಅವಳಿಗೆ ಗೊತ್ತಾಗುತ್ತದೆ ಎಂದು ನನಗೆ ಧೈರ್ಯವಿತ್ತು.

ಇಬ್ಬರೂ ಬಸ್ಸಿನಲ್ಲಿ ಹೋದೆವು. ಗುಡಿಯಲ್ಲಿ ಬೇರೆ ಯಾರೂ ಇರಲಿಲ್ಲ. ಪೂಜಾರಿ ಹೂವು ಇಟ್ಟು, "ಕೇಳ್ಕಳಿ" ಎಂದರು. ನಾನು ಕಣ್ಣು ಮುಚ್ಚಿ ಕೇಳಿಕೊಂಡೆ: ತಾಯಿ, ಇವರ ಕಾಲು ಉಳಿಯಬೇಕು, ಆ ಹಗುರದ ಗಾಡಿಯನ್ನೇ ತೆಗೆದುಕೊಳ್ಳುತ್ತೇವೆ, ಅಪ್ಪಣೆ ಕೊಡು. ಕಣ್ಣು ಬಿಡುವಷ್ಟರಲ್ಲಿ ಬಲಗಡೆಯ ಕೆಂಪು ಕಣಗಿಲೆ ಹೂವು ಪುಳಕ್ಕನೆ ಜಾರಿ ಬಿತ್ತು. ಪೂಜಾರಿ ಅದನ್ನು ಎತ್ತಿ ಇವರ ಕೈಗೆ ಕೊಟ್ಟರು. ಇವರು ಕಣ್ಣಿಗೆ ಒತ್ತಿಕೊಂಡು ನನ್ನ ಕೈಗೆ ಕೊಟ್ಟರು, ನಾನು ಮುಡಿದುಕೊಂಡೆ. ನನ್ನ ಕಣ್ಣಲ್ಲಿ ನೀರು ಬಂತು. ಇವರ ಕಣ್ಣಲ್ಲೂ ಬಂದಿತ್ತು. ಬಸ್ಸು ಬರುವ ಕಡೆ ನಡೆಯುವಾಗ ಇವರ ಚಪ್ಪಲಿ ಎರಡು ಸಲ ಕಳಚಿಕೊಂಡಿತು, ಎರಡು ಸಲವೂ ಇಬ್ಬರೂ ನಕ್ಕೆವು.

"ಕೊಟ್ಳು ಕಣಮ್ಮಿ. ಕೇಳ್ದೇಟ್ಗೆ ಕೊಟ್ಬುಟ್ಳು" ಎಂದರು.

"ನಾ ಏಳ್ನಿಲ್ವಾ? ನಾಳೇನೇ ನಮ್ಮಣ್ಣಂಗೆ ಫೋನ್ ಮಾಡ್ತಿನಿ."

"ನಿಮ್ಮಣ್ಣಂಗ್ಯಾಕೆ?"

"ಅವ್ನು ಗಾಡಿ ತಕಂಡ ಶೋರೂಮು ಅವ್ನಿಗ್ ತಾನೇ ಗೊತ್ತಿರೋದು?"

ಇವರು ನಡೆಯುವುದನ್ನು ನಿಲ್ಲಿಸಿದರು. "ನೀ ಏನಂತ ಕೇಳ್ಕಂಡೆ?"

"ನೀವ್ ಏನಂತ ಕೇಳ್ಕಂಡ್ರಿ?"

ಇವರು ಹೇಳಬೇಕಾದ ಅಗತ್ಯವೇ ಇರಲಿಲ್ಲ. ನಮ್ಮ ಗಾಡಿಯನ್ನೇ ತೆಗೆದುಕೊಳ್ಳುತ್ತೇನೆ, ಅದನ್ನು ತುಳಿಯುವ ಶಕ್ತಿ ಕೊಡು ಎಂದು ಕೇಳಿಕೊಂಡಿದ್ದರು. ಒಂದೇ ಹೂವು, ಎರಡು ಮಾತಿಗೂ ಬಲಗಡೆಯೇ ಬಿದ್ದಿತ್ತು. ಯಾರು ಏನು ಕೇಳುವುದು ಎಂದು ಮೊದಲೇ ಮಾತಾಡಿಕೊಳ್ಳದಷ್ಟು ಪೆದ್ದರು ನಾವಿಬ್ಬರೂ.

ತಿರುಗಿ ಗುಡಿಗೆ ಓಡಿದೆವು. ಪೂಜಾರಿ ಬಾಗಿಲಿಗೆ ಬೀಗ ಹಾಕುತ್ತಿದ್ದರು. ವಿಷಯ ಕೇಳಿ ಅವರು ಮೊದಲು ನಕ್ಕರು, ಆಮೇಲೆ ಗಂಭೀರವಾದರು. "ಇನ್ನೊಂದ್ ದಪ ಕೇಳಂಗಿಲ್ಲ ಕಣವ್ವ. ಕೊಟ್ಮೇಲೂ ಕೇಳುದ್ರೆ ಅವ್ವನ್ನ ಪರೀಕ್ಸೆ ಮಾಡ್ದಂಗಾಯ್ತದೆ" ಎಂದರು. ನಮ್ಮ ಮುಖ ನೋಡಿ ಕನಿಕರ ಬಂದಿರಬೇಕು. "ಇಬ್ರಿಗೂ ಕೊಟ್ಟವ್ಳಲ್ಲ, ಎರಡು ಗಾಡಿನೂ ತಕಳಿ" ಎಂದು ಸೇರಿಸಿ ಸೈಕಲ್ ಹತ್ತಿ ಹೋದರು.

ಬಸ್ಸಿನಲ್ಲಿ ಒಂದೇ ಸೀಟಿನಲ್ಲಿ ಕೂತು ಹನೂರಿನ ತನಕ ಬಂದೆವು. ಅಲ್ಲಿ ಇಳಿದು ಭಾವನ ಮನೆಗೆ ಹೋದೆವು. ನಾನು ಒಂದು ಪ್ರಯತ್ನ ಮಾಡಿದೆ. ಹೂವು ನನ್ನ ಮುಡಿಯಲ್ಲಿದೆ, ಆದ್ದರಿಂದ ಅಪ್ಪಣೆ ನನಗೆ ಆದದ್ದು ಎಂದೆ. ಭಾವನಿಗೂ ಇದು ಸಣ್ಣ ವಿಷಯವಾಗಿರಲಿಲ್ಲ, ತಮ್ಮನ ಕಾಲು ಅದು. ಆದರೂ ಅಂದರು. "ಊವ ಮುಡ್ಕಳದು ಎಂಗುಸ್ರು ತಾಯಿ. ಅಪ್ಪಣೆ ಆಗೋದು ಯಜಮಾನಂಗೆ." ಇವರು ಒಂದು ಮಾತು ನನ್ನ ಪರವಾಗಿ ಆಡುತ್ತಾರೇನೋ ಎಂದು ನೋಡಿದೆ. ಕೇಳಿಕೊಂಡದ್ದಕ್ಕೆ ದೇವಿಯೇ ಒಪ್ಪಿರುವಾಗ ಪಾಪ ಇವರು ತಾನೇ ಏನು ಆಡುತ್ತಾರೆ? ಕಾಲಿಗೆ ಶಕ್ತಿಯನ್ನೂ ಅವಳೇ ಕೊಡುತ್ತಾಳೆ ಎಂದು ನಂಬಿದ್ದರು. ನನ್ನ ಕೈಯಲ್ಲಿ ಇನ್ನೇನೂ ಇರಲಿಲ್ಲ.

ಶೋರೂಮಿಗೆ ಮೂವರೂ ಹೋದೆವು. ಬಿಳಿ ಪಿಕಪ್ಪು, ಮೈಮೇಲಿನ ಪ್ಲಾಸ್ಟಿಕ್ಕು ಇನ್ನೂ ತೆಗೆದಿರಲಿಲ್ಲ. ಟೈ ಕಟ್ಟಿಕೊಂಡ ಸೇಲ್ಸ್‌ನವರು ಎಷ್ಟು ಭಾರ ಹೊರುತ್ತದೆ, ಎಷ್ಟು ಎಳೆಯುತ್ತದೆ ಎಂದು ಒಂದೇ ಉಸಿರಿಗೆ ಹೇಳುತ್ತಿದ್ದರು. ಭಾವ ಬಾನೆಟ್ಟಿನ ಮೇಲೆ ಅಂಗೈ ಇಟ್ಟು ನಿಂತಿದ್ದರು, ಎತ್ತು ಕೊಳ್ಳುವಾಗ ಬೆನ್ನು ಸವರುವ ಹಾಗೆ. ನಾನು ನಡುವೆ ಬಾಯಿ ಹಾಕಿ, "ಕ್ಲಚ್ಚು ಎಂಗದೆ?" ಎಂದೆ. "ಮೇಡಂ, ಓಡ್ತಾ ಓಡ್ತಾ ಸಾಫ್ಟ್ ಆಗುತ್ತೆ" ಎಂದರು. ಗಂಡಿನ ಸ್ವಭಾವ ಕೇಳಿದಾಗ ಮದುವೆ ದಲ್ಲಾಳಿಗಳೂ ಇದನ್ನೇ ಹೇಳುತ್ತಾರೆ.

ಇವರು ಹತ್ತಿ ಕೂತರು. ಮುಖ ಅರಳಿತು. ಗೇರು ಹಾಕಲು ಕ್ಲಚ್ಚು ತುಳಿದರು. ಭಾವ ಮುಖ ನೋಡಿದರು, ನಾನು ಕಾಲು ನೋಡಿದೆ. ಯಾರಿಗೂ ಕಾಣದ ಹಾಗೆ ಎಡಗೈ ಮಂಡಿಯ ಮೇಲೆ ಬಂತು, ಒತ್ತಿತು. ಇವರು ತಲೆ ಎತ್ತಿದಾಗ ನಾನು ನೋಡುತ್ತಿರುವುದು ಕಂಡಿತು. ಬೇಡ ಅನ್ನಿ, ಎಂದು ಕಣ್ಣಲ್ಲೇ ಬೇಡಿಕೊಂಡೆ. ಇವರು ಕಣ್ಣು ತಪ್ಪಿಸಿ ಭಾವನಿಗೆ, "ಗಟ್ಟಿಯಾಗದೆ ಕಣಣ್ಣ ಗಾಡಿ" ಎಂದರು. ನಿಜ, ಗಾಡಿ ಗಟ್ಟಿಯಾಗಿಯೇ ಇತ್ತು.

ಹೊಸ ಗಾಡಿಯನ್ನು ಮೊದಲು ಮಾದಪ್ಪನ ಬೆಟ್ಟಕ್ಕೆ ಕೊಂಡೊಯ್ಯುವುದು ನಮ್ಮಲ್ಲಿ ರೂಢಿ. ಬಂಪರಿಗೆ ನಿಂಬೆಹಣ್ಣು, ಮೆಣಸಿನಕಾಯಿ ಕಟ್ಟಿ ನಾವಿಬ್ಬರೇ ಹೊರಟೆವು. ಭಾವ ಹನೂರಿನಲ್ಲಿ ನಿಂತು ಗಾಡಿಗೆ ತೆಂಗಿನಕಾಯಿ ನಿವಾಳಿಸಿ, ಇಳಿ ತೆಗೆದು, ಒಡೆದು ಕಳಿಸಿದರು. ತಾಳುಬೆಟ್ಟದವರೆಗೆ ಇವರು ಮಾತಾಡುತ್ತಲೇ ಇದ್ದರು. ಘಾಟಿ ಶುರುವಾದ ಮೇಲೆ ಮಾತು ಕಡಿಮೆಯಾಯಿತು. ತಿರುವಿಗೊಂದು ಗೇರು, ಮತ್ತೆ ಗೇರು, ಇಳಿಯುವ ಬಸ್ಸಿಗೆ ದಾರಿ ಬಿಡಲು ಅರ್ಧ ಕ್ಲಚ್ಚು. ಕೈ ಮಂಡಿಯ ಮೇಲೇ ಕೂತಿತ್ತು. ಹಣೆಯಿಂದ ಬೆವರು ಇಳಿಯುತ್ತಿತ್ತು. ನಿಲ್ಲಿಸಿ ಎಂದೆ, ನಿಲ್ಲಿಸಲಿಲ್ಲ. ಒಂದು ಕಡಿದಾದ ತಿರುವಿನಲ್ಲಿ ಕಾಲು ಕ್ಲಚ್ಚಿನಿಂದ ಜಾರಿತು. ಗಾಡಿ ಒಮ್ಮೆ ನೆಗೆದು ಆಫ್ ಆಯಿತು. ಹಿಂದಕ್ಕೆ ಜಾರುವಷ್ಟರಲ್ಲಿ ಬಲಗಾಲಿನಿಂದ ಬ್ರೇಕು ಒತ್ತಿ ಹ್ಯಾಂಡ್ ಬ್ರೇಕ್ ಎಳೆದರು. ನಾನು ಇಳಿದು ಚಕ್ರಕ್ಕೆ ಕಲ್ಲು ಕೊಟ್ಟೆ.

ಇವರು ಸ್ಟೇರಿಂಗ್ ಹಿಡಿದುಕೊಂಡು ಹಾಗೇ ಕೂತಿದ್ದರು. ಎಡಗಾಲನ್ನು ಎರಡು ಕೈಯಲ್ಲೂ ಎತ್ತಿ ಕ್ಲಚ್ಚಿನ ಮೇಲೆ ಇಟ್ಟರು, ಅದು ಇಟ್ಟ ಹಾಗೇ ಜಾರಿ ಬಿತ್ತು. ಅಷ್ಟರಲ್ಲಿ ಬೆಟ್ಟಕ್ಕೆ ನಡೆದು ಹೋಗುವ ಜನರ ಗುಂಪೊಂದು ಬಂತು. ಹೆಗಲ ಮೇಲೆ ಚೀಲ, ಬಾಯಲ್ಲಿ ಉಘೇ ಉಘೇ. ಅವರಲ್ಲೊಬ್ಬರು ಹೊಸ ಗಾಡಿ, ಅದಕ್ಕೆ ಹಾಕಿದ ಹಾರ ನೋಡಿ ನಿಂತರು. "ಯಾಕ್ಸಾ? ಒಸ ಗಾಡಿ ಕೆಟ್ ನಿಂತ್ಕತ್ತಾ?" ಎಂದು ಕೇಳಿದರು.

ಕೆಟ್ಟಿಲ್ಲ ಎನ್ನುತ್ತಾರೆ ಎಂದುಕೊಂಡೆ. ನಮ್ಮ ಗಾಡಿ ಕೆಡುವುದಿಲ್ಲ ಎಂದು ಆ ಮನುಷ್ಯನ ಮೇಲೆ ರೇಗುತ್ತಾರೆ ಎಂದುಕೊಂಡೆ. ಜೀವಮಾನವೆಲ್ಲ ಯಾರ ಮುಂದೆಯೂ ನಮ್ಮ ಗಾಡಿಯನ್ನು ಬಿಟ್ಟುಕೊಟ್ಟವರಲ್ಲ.

ಇವರು ಬಲವಂತವಾಗಿ ನಕ್ಕರು. "ಊ ಕಣಪ್ಪ. ಇಂಜಿನ್ನು ಕಾದ್ಬುಟ್ಟದೆ. ಕೆಟ್ ನಿಂತದೆ."

ಇಂಜಿನ್ನಿನಲ್ಲಿ ಏನೂ ತೊಂದರೆ ಇರಲಿಲ್ಲ. ನಾನು ರಸ್ತೆಯ ಬದಿಯ ಕಟ್ಟೆಯ ಮೇಲೆ ಕೂತು ಅತ್ತೆ. ಆ ಜನ, ನಾನು ಹೊಸ ಗಾಡಿಗಾಗಿ ಅಳುತ್ತಿದ್ದೇನೆ ಎಂದುಕೊಂಡು, "ಅಳ್ಬೇಡ ಕಣವ್ವ, ಮಾದಪ್ಪ ಸರಿ ಮಾಡ್ತಾನೆ" ಎಂದು ಸಮಾಧಾನ ಹೇಳಿ ಮುಂದೆ ಹೋದರು.

ಈಗ ನಮ್ಮ ಗಾಡಿಯನ್ನು ಮಾರ್ಟಳ್ಳಿ ಕಡೆಯ ಒಬ್ಬರು ಓಡಿಸುತ್ತಾರೆ. ನಡುವಯಸ್ಸಿನವರು, ಒಳ್ಳೆಯ ಮನುಷ್ಯ, ಇವರನ್ನು "ಅಣ್ಣಾ, ಅಣ್ಣಾ" ಎಂದು ಅರ್ಧ ತಮಿಳಿನಲ್ಲಿ ಮಾತಾಡಿಸುತ್ತಾರೆ. ಇವರು ಪ್ರತಿ ಮೋಲ್ಡಿಗೂ ಅವರ ಪಕ್ಕದಲ್ಲಿ ಕೂತು ಹೋಗುತ್ತಾರೆ. ಭಾವನಿಗೆ ಬೆನ್ನು ನೋವು ಜಾಸ್ತಿಯಾಗಿದೆ ಎಂದಷ್ಟೇ ಹೇಳಿದ್ದೇವೆ. ಭಾವ ಎಲ್ಲವನ್ನೂ ಬಲ್ಲರು ಎಂದು ನನ್ನ ಅನುಮಾನ. ಈಗ ಅವರು ಮನೆಗೆ ಬಂದರೆ ಗಾಡಿಯ ಮಾತು ಎತ್ತುವುದಿಲ್ಲ, ತಮ್ಮನ ಕಾಲಿಗೆ ಎಣ್ಣೆ ತಿಕ್ಕಿ ಹೋಗುತ್ತಾರೆ.

ಮೊನ್ನೆ ಲೊಕ್ಕನಹಳ್ಳಿ ಹತ್ತಿರ ನೆಂಟರ ಮನೆಯ ಮೋಲ್ಡಿಗೆ ನಾನೂ ಹೋಗಿದ್ದೆ. ಮೂವರೂ ಮುಂದೆ ಕೂತಿದ್ದೆವು, ನಾನು ನಡುವೆ. ಓಣಿ ಇಕ್ಕಟ್ಟು. ಮಾರ್ಟಳ್ಳಿಯವರು ಮಿಲ್ಲರನ್ನು ಹಿಂದಕ್ಕೆ ಬಿಡತೊಡಗಿದರು. ಇವರು ಕಿಟಕಿಯಿಂದ ತಲೆ ಹೊರಗೆ ಹಾಕಿ, "ಎಡಕ್ಕೆ ತಿರುವು, ಒಸಿ ಬುಡು, ಬುಡು, ಸಾಕು" ಎಂದು ಹೇಳುತ್ತಿದ್ದರು. ಮಿಲ್ಲರ್ ಹೋಗಿ ಮೇಸ್ತ್ರಿ ಗೆರೆ ಹಾಕಿದ ಜಾಗದಲ್ಲೇ ನಿಂತಿತು. ಇವರು ನನ್ನ ಕಡೆ ತಿರುಗಿ, "ನೋಡ್ದಾ ಕಣಮ್ಮಿ? ಎಂಗೆ ಕೂತ್ಕತ್ತು! ನಮ್ ಗಾಡಿ ಅಂದ್ರೆ ನಮ್ ಗಾಡಿಯೇ" ಎಂದರು. ಮುಖದಲ್ಲಿ ಅದೇ ಹಳೆಯ ಬಿಗುಮಾನ.

ನಾನು ಕೆಳಗೆ ನೋಡುತ್ತಿದ್ದೆ. ಆ ಕಡೆ ಮಾರ್ಟಳ್ಳಿಯವರು ಕ್ಲಚ್ಚು ತುಳಿದಾಗಲೆಲ್ಲ ಈ ಕಡೆ ಇವರ ಕೈ ಎಡ ಮಂಡಿಯನ್ನು ಒತ್ತುತ್ತಿತ್ತು, ಎಡಗಾಲು ಏನೂ ಇಲ್ಲದ ಬರಿಯ ನೆಲವನ್ನು ತುಳಿಯುತ್ತಿತ್ತು. ಚಪ್ಪಲಿ ಯಾವಾಗಲೋ ಕಳಚಿ ಬಿದ್ದಿತ್ತು. "ಊ ಕಣ್ರಿ, ನಮ್ ಗಾಡಿಯೇ" ಎಂದೆ. ಬಗ್ಗಿ ಚಪ್ಪಲಿ ಎತ್ತಿ ಕಾಲಿಗೆ ಹಾಕಿದೆ. ಇವರಿಗೆ ಗೊತ್ತಾಗಲಿಲ್ಲ.